ಸೊಲ್ಲಾಪುರದ ಹೊದಿಕೆ, ಮಣಿಪುರದ ಎರಡು ದಾರಿ

2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸೆ ಶುರುವಾಯಿತು. ಸುಮಾರು 60 ಸಾವಿರ ಜನ ಮನೆ ಬಿಟ್ಟರು. ಮೈತೇಯಿಗಳು ಇಂಫಾಲದ ಕಣಿವೆ ಸೇರಿದರು, ಕುಕಿ-ಜೋ ಜನ ಬೆಟ್ಟದ ಜಿಲ್ಲೆಗಳಿಗೆ ಹೋದರು. 2024ರ ಡಿಸೆಂಬರ್ ಬಂದಾಗಲೂ ಸಾವಿರಾರು ಕುಟುಂಬಗಳು ಪರಿಹಾರ ಶಿಬಿರಗಳಲ್ಲೇ ಇದ್ದವು. ಅದು ಅವರಿಗೆ ಊರು ಬಿಟ್ಟ ಮೇಲಿನ ಎರಡನೇ ಚಳಿಗಾಲ. ಅಲ್ಲಿನ ಚಳಿ ನಮ್ಮ ಬೆಂಗಳೂರಿನ ಚಳಿಯ ಹಾಗಲ್ಲ. ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಬೆಳಿಗ್ಗೆ ದಟ್ಟ ಮಂಜು.

ನಾವು ಒಂದಷ್ಟು ಗೆಳೆಯರು ದುಡ್ಡು ಕೂಡಿಸಿದೆವು. ಹೊದಿಕೆ ಕೊಳ್ಳುವುದು ಅಂತ ಆಯಿತು. ಹೊದಿಕೆ ಅಂದರೆ ಸೊಲ್ಲಾಪುರ ತಾನೇ ನೆನಪಿಗೆ ಬರುವುದು? ನಾನು, ನರ್ಸ್ ಆಗಿರುವ ನನ್ನ ಗೆಳತಿ, ಆಮೇಲೆ ಜೀಪಿನ ಸಮೇತ ವಿಜಯಪುರದ ಕಾಕಾ. ಗೆಳತಿ ಹಿಂದಿನ ಚಳಿಗಾಲ ಒಂದು ವೈದ್ಯಕೀಯ ತಂಡದ ಜೊತೆ ಮಣಿಪುರದ ಶಿಬಿರಗಳನ್ನು ನೋಡಿ ಬಂದವಳು. ಏನು ಕೊಳ್ಳಬೇಕು, ಏನು ಬೇಡ ಅನ್ನುವುದು ಅವಳಿಗೆ ಗೊತ್ತಿತ್ತು.

ಮೊದಲ ದಿನ: ಭೀಮೆ ದಾಟಿ

ರಾತ್ರಿ ರೈಲಿಗೆ ವಿಜಯಪುರ. ಸ್ಟೇಷನ್ ಹೊರಗೆ ಕಾಕಾ ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಚಹಾ ಕುಡಿದು ಹೊರಟೆವು. ಸೊಲ್ಲಾಪುರ ಅಲ್ಲಿಂದ ಸುಮಾರು 100 ಕಿಲೋಮೀಟರ್, ಎರಡು ತಾಸಿನ ದಾರಿ. ಹೊರ್ತಿ ದಾಟಿದ ಮೇಲೆ ಎರಡೂ ಕಡೆ ಬಿಳಿಜೋಳ, ನಡುನಡುವೆ ನಿಂಬೆ ತೋಟ, ದ್ರಾಕ್ಷಿ ಚಪ್ಪರ. ತೆನೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ.

ಧೂಳಖೇಡದ ಹತ್ತಿರ ಭೀಮಾ ನದಿ. ಆಚೆ ದಡ ಮಹಾರಾಷ್ಟ್ರ. ಸೇತುವೆ ದಾಟಿ ಸ್ವಲ್ಪ ದೂರ ಹೋಗಿದ್ದೆವು ಅಷ್ಟೇ, ಮುಂದೆ ಗಾಡಿಗಳ ಸಾಲು. ಕಬ್ಬಿನ ಟ್ರ್ಯಾಕ್ಟರ್‌ನ ಎರಡನೇ ಟ್ರೇಲರ್ ಕೊಂಡಿ ಕಳಚಿ ರಸ್ತೆಗೆ ಅಡ್ಡ ಮಲಗಿತ್ತು. ಡಾಂಬರು ಕಾಣದಷ್ಟು ಕಬ್ಬು. ಈ ತಿಂಗಳುಗಳಲ್ಲಿ ಇಲ್ಲೆಲ್ಲ ಸಕ್ಕರೆ ಕಾರ್ಖಾನೆಗಳ ಓಡಾಟ ಜೋರು, ಹಿಂದೆ ದೀಪವಿಲ್ಲದ ಟ್ರೇಲರ್‌ಗಳೂ ಇರುತ್ತವೆ. ಕತ್ತಲಾದ ಮೇಲೆ ಈ ದಾರಿಯಲ್ಲಿ ಗಾಡಿ ಓಡಿಸಬಾರದು ಅನ್ನುವುದು ಕಾಕಾನ ನಿಯಮ. ಅದಕ್ಕೇ ಬೆಳಿಗ್ಗೆ ಹೊರಟಿದ್ದು.

ಹೇಗೂ ನಿಂತಿದ್ದೇವಲ್ಲ ಅಂತ ಪಕ್ಕದ ಹೊಲಕ್ಕೆ ಇಳಿದೆವು. ಅಲ್ಲೊಬ್ಬ ರೈತರು ಕುಳ್ಳಿನ ಕೆಂಡದಲ್ಲಿ ಸೀತನಿ ಸುಡುತ್ತಿದ್ದರು. ಹಾಲುಗಾಳಿನ ಜೋಳದ ತೆನೆ. ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಜೊತೆಗೆ ಶೇಂಗಾ ಹಿಂಡಿ ಇಟ್ಟು ಕೊಟ್ಟರು.

"ತಿನ್ರೀ, ಈ ವರ್ಷದ ಮೊದಲನೇ ಸೀತನಿ. ಎಲ್ಲಿಗೆ ಹೊಂಟೀರಿ?"

ಹೇಳಿದೆವು. ಮಣಿಪುರ ಅಂದಾಗ ಅವರಿಗೆ ಟಿವಿಯಲ್ಲಿ ಕಂಡದ್ದು ನೆನಪಾಯಿತು. "ಇನ್ನೂ ಮನಿಗಿ ಹೋಗಿಲ್ಲೇನ್ರೀ ಆ ಮಂದಿ?" ಅಂದರು. ನಮ್ಮ ಕಡೆ ಎಷ್ಟೋ ಜನ ಕೇಳುವುದು ಇದೇ ಪ್ರಶ್ನೆ. ಸುದ್ದಿ ನಿಂತಿತು ಅಂದರೆ ಕಷ್ಟವೂ ನಿಂತಿತು ಅಂದುಕೊಂಡುಬಿಡುತ್ತೇವೆ.

ರಸ್ತೆ ತೆರೆಯುವ ತನಕ ಗೆಳತಿ ಶಿಬಿರದ ವಿಷಯ ಹೇಳುತ್ತಾ ಕೂತಳು. ಒಂದು ಶಾಲೆಯ ಕೋಣೆ. ನಡುವೆ ಸೀರೆ, ಚಾದರ, ಪ್ಲೈವುಡ್ ತುಂಡುಗಳ ಗೋಡೆ. ಆ ಒಂದೇ ಕೋಣೆಯಲ್ಲಿ ಹಲವು ಕುಟುಂಬಗಳು. ಪರಿಹಾರ ಕೆಲಸಕ್ಕೆ ಜಗತ್ತಿನಾದ್ಯಂತ ಒಪ್ಪಿಕೊಂಡ ಒಂದು ಅಳತೆ ಇದೆ, ಸ್ಫಿಯರ್ ಮಾನದಂಡ ಅನ್ನುತ್ತಾರೆ. ಅದರ ಪ್ರಕಾರ ಸೂರಿನಡಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು. ಚಳಿ ಪ್ರದೇಶದಲ್ಲಿ ಅಡುಗೆ, ಸ್ನಾನ ಎಲ್ಲ ಒಳಗೇ ಆಗಬೇಕಾದ್ದರಿಂದ ಇನ್ನೂ ಜಾಸ್ತಿ, 4.5ರಿಂದ 5.5. "ನಾನು ನೋಡಿದ ಕೋಣೆಯಲ್ಲಿ ಒಬ್ಬರು ಮಗ್ಗಲು ಬದಲಿಸಿದರೆ ಪಕ್ಕದವರಿಗೆ ಎಚ್ಚರ ಆಗ್ತಿತ್ತು" ಅಂದಳು. ಚಳಿಗೆ ಇದ್ದಿಲು ಹೊತ್ತಿಸಿಕೊಂಡು ಬಾಗಿಲು ಮುಚ್ಚಿ ಮಲಗುತ್ತಾರೆ, ಅದು ಅವಳಿಗೆ ಎಲ್ಲಕ್ಕಿಂತ ಹೆದರಿಕೆ. ಇದ್ದಿಲಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಸಾಕಷ್ಟು ಹೊದಿಕೆ ಇದ್ದರೆ ಇದ್ದಿಲಿನ ಗೊಡವೆ ಕಮ್ಮಿಯಾಗುತ್ತದೆ.

ಸಂಜೆ ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆ. 12ನೇ ಶತಮಾನದಲ್ಲಿ ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಶರಣ ಸಿದ್ಧರಾಮ ಜನರನ್ನು ಕೂಡಿಸಿ ತೋಡಿಸಿದ ಕೆರೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಹುಡುಗರು ನಂದಿಧ್ವಜ ಹೊರುವ ತಾಲೀಮು ನಡೆಸಿದ್ದರು. ಉದ್ದನೆಯ ಕೋಲು ಒಬ್ಬನ ಸೊಂಟದ ಮೇಲೆ ನಿಲ್ಲಬೇಕು, ಸುತ್ತ ನಿಂತವರು ಬೀಳದಂತೆ ಕಾಯಬೇಕು. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಅಲ್ಲಿ ಕಿವಿಗೆ ಬಿದ್ದದ್ದು ಮರಾಠಿ, ತೆಲುಗು, ಕನ್ನಡ, ಕೆಲವು ಸಲ ಒಂದೇ ಮಾತಿನಲ್ಲಿ ಮೂರೂ.

ಎರಡನೇ ದಿನ: ಮಗ್ಗದ ಓಣಿ

ಊರಿನ ಪೂರ್ವ ಭಾಗಕ್ಕೆ ಕಾಲಿಟ್ಟರೆ ಮಗ್ಗದ ಸದ್ದು ಕೇಳಿಸುತ್ತದೆ. ತೆಲಂಗಾಣದ ಕಡೆಯಿಂದ ತಲೆಮಾರುಗಳ ಹಿಂದೆ ಬಂದ ಪದ್ಮಶಾಲಿ ನೇಕಾರರ ಓಣಿಗಳು. ಸೊಲ್ಲಾಪುರಿ ಚಾದರಕ್ಕೆ ಜಿಐ, ಅಂದರೆ ಈ ಊರಿನದೇ ಮಾಲು ಅನ್ನುವ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಆದರೆ ಆ ಹೆಸರಿನಲ್ಲಿ ಎಲ್ಲೆಲ್ಲಿಯದೋ ಮಾಲು ಮಾರುವವರೂ ಇದ್ದಾರೆ, ನೋಡಿ ಕೊಳ್ಳಬೇಕು.

ಒಬ್ಬ ಹಿರಿಯ ನೇಕಾರರು ತಮ್ಮ ಮಗ್ಗದ ಮುಂದೆ ನಿಲ್ಲಿಸಿ ತೋರಿಸಿದರು. ಮೇಲೆ ಚಿತ್ತಾರ ಮೂಡಿಸುವ ಜಕಾರ್ಡ್ ಯಂತ್ರ, ಅದರಲ್ಲಿ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ, ಲಾಳಿ ಹಾಯುತ್ತದೆ. ಹಾಗೆ ನವಿಲು ಮೂಡುತ್ತದೆ. ಒಂದು ಮಗ್ಗುಲಲ್ಲಿ ಕೆಂಪು ನೆಲದ ಮೇಲೆ ಬಿಳಿ ನವಿಲು, ತಿರುಗಿಸಿದರೆ ಬಿಳಿ ನೆಲದ ಮೇಲೆ ಕೆಂಪು. ಸದ್ದಿಗೆ ಅವರ ಕಿವಿ ಅರ್ಧ ಮಂದವಾಗಿದೆ, ಹಾಗಾಗಿ ಎಲ್ಲವನ್ನೂ ಜೋರಾಗಿ ಹೇಳುತ್ತಾರೆ.

"ಚಾದರ ಕೊಳ್ಳೋ ಮುಂದ ಬೆಳಕಿಗೆ ಹಿಡೀರಿ. ಆ ಕಡಿ ಮುಖ ಕಂಡರ ಬಿಟ್ಟುಬಿಡ್ರಿ. ಆಮ್ಯಾಲ ತೂಗಿಸ್ರಿ."

ಈ ಮಾತು ಮಧ್ಯಾಹ್ನವೇ ಕೆಲಸಕ್ಕೆ ಬಂತು. ಫೋನಿನಲ್ಲಿ ಮಾತಾಡಿಟ್ಟಿದ್ದ ಒಬ್ಬ ವ್ಯಾಪಾರಿಯ ಹತ್ತಿರ ಹೋದೆವು. ನಮಗೆ ಕಳಿಸಿದ್ದ ನಮೂನೆ ಒಂದು, ಬೇಲಿನಲ್ಲಿ, ಅಂದರೆ ಮೂಟೆಯಲ್ಲಿ, ಕಟ್ಟಿಟ್ಟಿದ್ದು ಇನ್ನೊಂದು. ಕಾಕಾ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರು. ಒಂದೊಂದು ಚಾದರದಲ್ಲೂ ಕಾಲು ಕಿಲೋ ಕಡಿಮೆ. "ದಾನಕ್ಕೆ ತಾನೇ, ನಡೀತದ ಬಿಡ್ರಿ" ಅಂದ ಆ ಮನುಷ್ಯ. ಗೆಳತಿಯ ಮುಖ ಕೆಂಪಾಯಿತು. ದಾನಕ್ಕೆ ಅಂತಲೇ ಅದು ನಡೆಯಬಾರದು. ಅಂಗಡಿಯಲ್ಲಿ ಕೊಂಡವರು ಸರಿಯಿಲ್ಲ ಅಂತ ವಾಪಸ್ ತಂದು ಜಗಳ ಆಡಬಹುದು. ಶಿಬಿರದಲ್ಲಿ ಕೈಚಾಚಿ ತಗೊಂಡ ಅಜ್ಜಿ ಯಾರ ಹತ್ತಿರ ಹೋಗಿ ಕೇಳಬೇಕು? ಮುಂಗಡ ವಾಪಸ್ ಪಡೆಯಲು ಸಂಜೆಯವರೆಗೆ ಅಲ್ಲೇ ಕೂರಬೇಕಾಯಿತು. ಕೊನೆಗೆ ಆ ಹಿರಿಯ ನೇಕಾರರ ಓಣಿಯಲ್ಲೇ, ಮಗ್ಗದಿಂದ ನೇರವಾಗಿ ಕೊಂಡೆವು.

ಹತ್ತಿಯ ಚಾದರ ಮಾತ್ರ ಸಾಲದು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಒದ್ದೆಯಾದರೆ ಹತ್ತಿ ಬೆಚ್ಚಗಿಡುವುದಿಲ್ಲ, ಮಂಜಿನ ನಾಡಿನಲ್ಲಿ ಬೇಗ ಒಣಗುವುದೂ ಇಲ್ಲ. ತಗಡಿನ ಮಾಡಿನ ಕೆಳಗೆ ಬೆಳಗಿನ ಜಾವ ಉಸಿರಿನ ತೇವವೇ ಹನಿಯಾಗಿ ಬೀಳುತ್ತದೆ. ಅದಕ್ಕೆ ಮೇಲಿನ ಹೊದಿಕೆ ಉಣ್ಣೆಯದೇ ಬೇಕು. ಯುದ್ಧ, ಭೂಕಂಪ ಅಂದಾಗ ದೇಶದೇಶಗಳಿಗೆ ಹೋಗುವ ಉಣ್ಣೆ ಕಂಬಳಿಗಳಲ್ಲಿ ಎಷ್ಟೋ ಹರಿಯಾಣದ ಪಾಣಿಪತ್‌ನಲ್ಲಿ ತಯಾರಾಗುತ್ತವೆ. ಶ್ರೀಮಂತ ದೇಶಗಳು ಬಿಸಾಡಿದ ಸ್ವೆಟರ್‌ಗಳನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು ನೇಯುತ್ತಾರೆ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ, ಅದು ರೂಢಿಯ ಅಳತೆ. ಅವನ್ನು ನಮ್ಮ ಇನ್ನೊಂದಿಬ್ಬರು ಗೆಳೆಯರು ಅಲ್ಲಿಂದಲೇ ನೇರವಾಗಿ ಗುವಾಹಟಿಗೆ ಹಾಕಿಸುವವರಿದ್ದರು. ನಮ್ಮ ಪಾಲಿಗೆ ಚಾದರ ಮತ್ತು ಹಾಸಿಗೆ.

ರಾತ್ರಿ ಊಟಕ್ಕೆ ಮೊದಲು ಡಾ. ದ್ವಾರಕಾನಾಥ ಕೋಟ್ನೀಸರ ಸ್ಮಾರಕದ ಮುಂದೆ ಹೋಗಿ ನಿಂತೆವು. ಬಾಗಿಲು ಹಾಕಿತ್ತು. 1910ರಲ್ಲಿ ಇದೇ ಸೊಲ್ಲಾಪುರದಲ್ಲಿ ಹುಟ್ಟಿದವರು. ಜಪಾನ್ ಚೀನಾದ ಮೇಲೆ ಯುದ್ಧ ಹೂಡಿದಾಗ, 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ಡಾಕ್ಟರುಗಳಲ್ಲಿ ಒಬ್ಬರು. ಉತ್ತರ ಚೀನಾದ ಬೆಟ್ಟಗಳಲ್ಲಿ ಗಾಯಾಳುಗಳಿಗೆ ಆಪರೇಷನ್ ಮಾಡುತ್ತಲೇ ಉಳಿದರು, ಮನೆಗೆ ಮರಳಲಿಲ್ಲ. 1942ರ ಡಿಸೆಂಬರ್ 9ರಂದು ತೀರಿಕೊಂಡಾಗ ವಯಸ್ಸು 32. ಗೆಳತಿ ಗೇಟಿನ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಕಡಕ್ ರೊಟ್ಟಿ, ಝುಣಕಾ, ಹಸಿ ಉಳ್ಳಾಗಡ್ಡಿ. ಸೊಲ್ಲಾಪುರಕ್ಕೆ ಬಂದವರು ಹೋಟೆಲ್ ಥಾಲಿ ಬಿಟ್ಟು ಇಂಥ ಖಾನಾವಳಿ ಹುಡುಕಬೇಕು.

ಮೂರನೇ ದಿನ: ಮಂಗಳವೇಢೆ, ಹುಲಜಂತಿ

ಬೆಳಿಗ್ಗೆ ಬೇಗ ಹೊರಟು ಮಂಗಳವೇಢೆ. ಬಿಜ್ಜಳನ ಕೈಕೆಳಗೆ ಬಸವಣ್ಣ ಕೆಲಸ ಮಾಡಿದ ಊರು ಅಂತ ನಮಗೆ ಗೊತ್ತು. ಅಲ್ಲಿನ ಜನರ ಬಾಯಲ್ಲಿ ಇನ್ನೊಂದು ಹೆಸರು ಇನ್ನೂ ಹೆಚ್ಚು ಓಡಾಡುತ್ತದೆ, ದಾಮಾಜಿ ಪಂತರದು. 15ನೇ ಶತಮಾನದ ದೊಡ್ಡ ಬರಗಾಲದಲ್ಲಿ, ಬೀದರ್ ಸುಲ್ತಾನನ ಅಧಿಕಾರಿಯಾಗಿದ್ದ ದಾಮಾಜಿ ಸರಕಾರಿ ಕಣಜ ತೆರೆದು ಹಸಿದವರಿಗೆ ಹಂಚಿಬಿಟ್ಟರು. ಸುಲ್ತಾನ ಲೆಕ್ಕ ಕೇಳಿದಾಗ ವಿಠ್ಠಲನೇ ಮಹಾರನ ವೇಷದಲ್ಲಿ ಹೋಗಿ ಹಣ ಕಟ್ಟಿದ ಅನ್ನುವುದು ಕಥೆ. ಗುಡಿಯ ಮುಂದೆ ಹೂವು ಮಾರುವ ಬಾಯಿ ಅದನ್ನು ನಿನ್ನೆ ಮೊನ್ನೆ ನಡೆದದ್ದು ಅನ್ನುವ ಹಾಗೆ ಹೇಳಿದರು.

ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಕರಿಮಣ್ಣು, ಜೋಳ, ಗಾಳಿ. ಹುಲಜಂತಿ ಗಡಿಯ ಊರು. ಮಾಳಿಂಗರಾಯನ ಗುಡಿ ಇರುವುದು ಇಲ್ಲೇ, ದೀಪಾವಳಿ ಹೊತ್ತಿಗೆ ಎರಡೂ ರಾಜ್ಯದ ಕುರುಬರು ಡೊಳ್ಳು ಕಟ್ಟಿಕೊಂಡು ಬಂದು ಸೇರುತ್ತಾರೆ. ಊರಾಚೆ ಹೊಲದಲ್ಲಿ ಕುರಿ ಹಿಂಡು ತಂಗಿತ್ತು. ಬಲೆ ಕಟ್ಟಿದ ಹಟ್ಟಿಯ ಪಕ್ಕ ಒಬ್ಬ ಅಜ್ಜ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಕೂತಿದ್ದರು.

ಕಂಬಳಿ ಮುಟ್ಟಿ ನೋಡಿದೆ. ದಖನಿ ಕುರಿಯ ಉಣ್ಣೆ, ಚುಚ್ಚುತ್ತದೆ. ಹುಣಸೆ ಬೀಜದ ಗಂಜಿ ಬಳಿದು ಗುಂಡಿ ಮಗ್ಗದಲ್ಲಿ ನೇಯ್ದದ್ದು. "ಮಳಿ ಬಂದ್ರೂ ಒಳಗ ಇಳಿಯಂಗಿಲ್ಲ. ತೊಯ್ದ್ರೂ ಬೆಚ್ಚಗಿಡ್ತದ" ಅಂದರು ಅಜ್ಜ. ಈಗ ಉಣ್ಣೆ ಕೇಳುವವರಿಲ್ಲ, ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ನೇಯುವವರೂ ಕಡಿಮೆ. ನಮಗೆ ಬೇಕಾದಷ್ಟು ಕಂಬಳಿ ಈ ಸೀಮೆಯಲ್ಲಿ ಒಂದು ಚಳಿಗಾಲದೊಳಗೆ ಸಿಗುವ ಹಾಗಿರಲಿಲ್ಲ. ಆದರೂ ಅಜ್ಜನ ಜೊತೆ ಕೂತದ್ದಕ್ಕೆ ಬೇರೊಂದು ಲಾಭವಾಯಿತು.

ಗೆಳತಿ ಕೇಳಿದಳು: "ಯಜ್ಜಾ, ದಿನಾ ಹೊಲದಾಗ ಮಲಗ್ತೀರಿ. ಚಳಿ ಹೆಂಗ ತಡೀತೀರಿ?"

"ಮ್ಯಾಲ ಎಷ್ಟ್ ಹೊದ್ರೇನವ್ವಾ? ಚಳಿ ನೆಲದಿಂದ ಬರ್ತದ. ಮೊದಲ ಕೆಳಗ ಜ್ವಾಳದ ಕಣಿಕಿ ಹಾಸ್ಬೇಕು, ಅದರ ಮ್ಯಾಲ ಒಂದು ಕಂಬಳಿ. ಒಂದ ಕಂಬಳಿ ಇತ್ತಂದ್ರ ಹಾಸ್ಕೊಂಡು ಅದನ್ನ ಮಡಚಿ ಹೊದ್ಕೋಬೇಕು. ಬರೇ ಹೊದ್ಕೊಂಡಾಂವ ರಾತ್ರಿಯೆಲ್ಲಾ ನಡಗ್ತಾನ."

ಗೆಳತಿ ನನ್ನ ಕಡೆ ನೋಡಿದಳು. ಶಿಬಿರಗಳಿಂದ ನಮಗೆ ಬೇರೆಬೇರೆಯಾಗಿ ಬಂದ ಎರಡು ಪಟ್ಟಿಗಳು ಅವಳ ಚೀಲದಲ್ಲಿದ್ದವು. ಒಂದು ಇಂಫಾಲದ ಕಡೆಯದು, ಇನ್ನೊಂದು ಕುಕಿ-ಜೋ ಜನ ಸೇರಿದ ಬೆಟ್ಟದ ಜಿಲ್ಲೆ ಚುರಾಚಾಂದ್‌ಪುರದ್ದು. ಒಬ್ಬರಿಗೊಬ್ಬರು ಮಾತಾಡುವ ಸ್ಥಿತಿಯಲ್ಲಿಲ್ಲದ ಜನ. ಎರಡರಲ್ಲೂ ಮೊದಲ ಸಾಲಿನಲ್ಲಿ ಇದ್ದದ್ದು ಹಾಸಿಗೆ. ಸಿಮೆಂಟಿನ ನೆಲದ ಮೇಲೆ ಮಲಗುವವರ ಮಾತು ಅದು. ಮಲಗಿದಾಗ ಮೈಯ ಭಾರಕ್ಕೆ ಕೆಳಗಿನ ಬಟ್ಟೆ ಅಪ್ಪಚ್ಚಿಯಾಗುತ್ತದೆ, ಅದರೊಳಗಿನ ಗಾಳಿ ಹೋಗುತ್ತದೆ, ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಕೆಳಗೆ ದಪ್ಪ ಪದರ ಬೇಕು. ಕಾಕಾ ಅಲ್ಲೇ ಫೋನ್ ತೆಗೆದು ಅಕ್ಕಲಕೋಟೆ ಕಡೆಯ ತಮ್ಮ ಬೀಗರಿಗೆ ಹಚ್ಚಿದರು: "ನಾಳೆ ಬರ್ತೀವಿ. ಕೌದಿ ಎಷ್ಟಾಗ್ಯಾವ?" ಕೌದಿ ಅಂದರೆ ಹಳೆ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ದಪ್ಪ ಹಾಸು.

ನಾಲ್ಕನೇ ದಿನ: ಕೌದಿ

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರ ಗದ್ದಲ. ನಾವು ಪಕ್ಕದ ದಾರಿ ಹಿಡಿದು ಹಳ್ಳಿಗೆ ಹೋದೆವು. ಕರ್ನಾಟಕದ ಗಡಿ ಅಲ್ಲಿಂದ ಕೂಗಳತೆ ದೂರ, ಓಣಿಯ ಮಾತೆಲ್ಲ ಕನ್ನಡ.

ನೆರವು ಅಂದ ಕೂಡಲೇ ಜನ ಕೊಡುವುದು ಹಳೆ ಬಟ್ಟೆ. ಗುಂಡಿ ಹೋದ ಅಂಗಿ, ಹರಿದ ಸ್ವೆಟರ್, ಮದುವೆಯಲ್ಲಿ ಉಟ್ಟ ನೈಲಾನ್ ಸೀರೆ. ನನಗೆ ಇದು ಒಪ್ಪುವುದಿಲ್ಲ. ಎಲ್ಲ ಕಳೆದುಕೊಂಡು ಬಂದವರ ಮುಂದೆ ನಮ್ಮ ಮನೆಯ ಕಸ ಸುರಿಯಬಾರದು. ಅಲ್ಲಿ ಅದನ್ನು ಆರಿಸುವುದೇ ಕಾರ್ಯಕರ್ತರಿಗೆ ಒಂದು ಕೆಲಸ, ಅರ್ಧಕ್ಕರ್ಧ ಸುಡಬೇಕಾಗುತ್ತದೆ. ಆದರೆ ಹಳೆ ಹತ್ತಿ ಸೀರೆ ಕೌದಿಯಾದರೆ ಬೇರೆ ಮಾತು. ಒಳಗೆ ಪದರಪದರ ಸೀರೆ, ಮೇಲೆ ಹೊಸ ಬಟ್ಟೆ, ಉದ್ದಕ್ಕೂ ಒತ್ತೊತ್ತು ಹೊಲಿಗೆ. ನಮ್ಮ ಮನೆಗಳಲ್ಲಿ ಬಾಣಂತಿಗೆ, ಕೂಸಿಗೆ ಹಾಸುವುದು ಅದನ್ನೇ ಅಲ್ವಾ?

ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಸುತ್ತಲೂ ಕೂತು ಒಂದೇ ಕೌದಿಗೆ ನಾಲ್ಕೂ ಕಡೆಯಿಂದ ಸೂಜಿ ಹಾಕುತ್ತಿದ್ದರು. ಕೂಲಿ ಕೊಟ್ಟೇ ಹೊಲಿಸಿದ್ದು. ಜೋಳದ ಕೆಲಸಕ್ಕೆ ಹೋದರೆ ಸಿಗುವ ಪಗಾರಿಗೆ ಕಮ್ಮಿ ಆಗಬಾರದು ಅಂತ ಮೊದಲೇ ಮಾತಾಗಿತ್ತು. ಒಬ್ಬ ಅವ್ವ ಕನ್ನಡಕ ಮೂಗಿನ ತುದಿಗೆ ಇಳಿಸಿ ಗೆಳತಿಯನ್ನು ಕೇಳಿದರು:

"ಅಲ್ಲಿ ಕೂಸುಗಳು ಅದಾವೇನವ್ವಾ?"

"ಭಾಳ ಅದಾವ ಅಮ್ಮಾ. ಶಿಬಿರದಾಗ ಹುಟ್ಟಿದವೂ ಅದಾವ."

ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಪಕ್ಕದವರಿಗೆ ಸಣ್ಣ ಅಳತೆಯ ಕೌದಿಗಳನ್ನೂ ಕತ್ತರಿಸಲು ಹೇಳಿದರು. ನಮ್ಮ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಮಧ್ಯಾಹ್ನ ಶೇಂಗಾ ಹೋಳಿಗೆ, ತುಪ್ಪ ಇಟ್ಟು ಉಣಿಸಿ, ಸಂಜೆ ಬಿಸಿಲಿಗೆ ಎಲ್ಲ ಕೌದಿಗಳನ್ನೂ ಒಣಹಾಕಿಸಿದರು. ತೇವ ಇದ್ದು ಬೇಲು ಕಟ್ಟಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ, ಉದ್ದ ಪ್ರಯಾಣದ ಮಾಲಿಗೆ ಇದು ಮುಖ್ಯ.

ಕೊನೆಯ ದಿನ: ಗೋದಾಮು

ಸೊಲ್ಲಾಪುರದ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಮುಂಜಾನೆಯಿಂದ ಬೇಲು ಕಟ್ಟುವ ಕೆಲಸ. ಒಳಗೆ ದಪ್ಪ ಪ್ಲಾಸ್ಟಿಕ್, ಹೊರಗೆ ಗೋಣಿ. ಅರ್ಧದಷ್ಟು ಬೇಲುಗಳಿಗೆ ಕೆಂಪು ಬಣ್ಣದಲ್ಲಿ ಗುರುತು, ಇನ್ನರ್ಧಕ್ಕೆ ನೀಲಿ. ಕೆಂಪು ಇಂಫಾಲಕ್ಕೆ, ನೀಲಿ ಚುರಾಚಾಂದ್‌ಪುರಕ್ಕೆ. ಒಳಗಿನದು ಮಾತ್ರ ಒಂದೇ: ಅದೇ ಓಣಿಯ ಚಾದರ, ಅದೇ ಕಟ್ಟೆಯ ಕೌದಿ, ಅಷ್ಟಷ್ಟೇ ಲೆಕ್ಕ. ಗೆಳತಿ ಪ್ರತಿ ಬೇಲನ್ನೂ ತಾನೇ ಎಣಿಸಿದಳು. ಒಂದು ಕಡೆಗೆ ಒಂದು ಎಳೆ ತೆಳ್ಳಗೆ ಹೋದರೂ ಮುಂದಿನ ಸಲ ನಮ್ಮನ್ನು ಯಾರೂ ನಂಬುವುದಿಲ್ಲ ಅನ್ನುವುದು ಅವಳ ಮಾತು. ನಂಬಿಕೆ ಹೋದರೆ ಲಾರಿಯೂ ಮುಂದೆ ಹೋಗುವುದಿಲ್ಲ.

ಒಬ್ಬ ಹಮಾಲರು ಬೇಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾ ಕೇಳಿದರು: "ಎರಡೂ ಒಂದೇ ರಾಜ್ಯ ಅಂತೀರಿ. ಮತ್ತ ಎರಡು ಬಣ್ಣ ಯಾಕ್ರೀ?"

ಲಾರಿ ಅಸ್ಸಾಮಿನ ಸಿಲ್ಚರ್ ತನಕ ಒಂದೇ, ಅಲ್ಲಿಂದ ಎರಡಾಗಬೇಕು ಅಂತ ಹೇಳಿದೆ. ಒಂದು ಜಿರಿಬಾಮ್ ಮೇಲೆ, ಭದ್ರತಾ ಪಡೆಯ ಕಾವಲಿನಲ್ಲಿ ಇಂಫಾಲಕ್ಕೆ. ಇನ್ನೊಂದು ದಕ್ಷಿಣಕ್ಕೆ ಇಳಿದು, ಮಿಜೋರಾಮಿನ ಐಜ್ವಾಲ್ ಸುತ್ತಿ, ಬೆಟ್ಟದ ಕೆಟ್ಟ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಸಾಗಿ ಚುರಾಚಾಂದ್‌ಪುರಕ್ಕೆ. ಇಂಫಾಲದಿಂದ ಚುರಾಚಾಂದ್‌ಪುರಕ್ಕೆ ನೇರ ದಾರಿ ಸುಮಾರು 60 ಕಿಲೋಮೀಟರ್. ಆದರೆ ಆಗ ನಡುವೆ ಭದ್ರತಾ ಪಡೆಗಳು ಕಾಯುವ ಪಟ್ಟಿ ಇತ್ತು. ಮೈತೇಯಿಗಳು ಆ ಕಡೆ ಹೋಗುವಂತಿರಲಿಲ್ಲ, ಕುಕಿಗಳು ಈ ಕಡೆ ಬರುವಂತಿರಲಿಲ್ಲ.

"ಅರವತ್ತು ಅಂದ್ರ ಇಲ್ಲಿಂದ ಮಂಗಳವೇಢೆ ಆತು" ಅಂದರು ಅವರು. "ಪಂಢರಪುರದಷ್ಟೂ ಇಲ್ಲ. ನಾವು ಆಷಾಢಕ್ಕ ನಡ್ಕೊಂಡ ಹೋಗ್ತೀವಿ." ಮತ್ತೆ ಏನೂ ಕೇಳಲಿಲ್ಲ. ಎದ್ದು ನೀಲಿ ಗುರುತಿನ ಬೇಲುಗಳಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದರು, ದಾರಿ ಕೆಟ್ಟದ್ದು ಅಂದಿರಲ್ಲ ಅಂತ. ಆ ಹಗ್ಗಕ್ಕೆ ಹಣ ಕೊಡಹೋದರೆ ತಗೊಳ್ಳಲಿಲ್ಲ.

ಸಂಜೆ ಲಾರಿ ಹೊರಟ ಮೇಲೆ ನಾವು ವಿಜಯಪುರದ ದಾರಿ ಹಿಡಿಯಲಿಲ್ಲ, ಕಾಕಾನ ನಿಯಮ. ರಾತ್ರಿ ಅಲ್ಲೇ ತಂಗಿ ಬೆಳಕು ಹರಿದ ಮೇಲೆ ಹೊರಟೆವು.

ಇಂಫಾಲದ ಬೇಲುಗಳು ಜನವರಿ ಮೊದಲ ವಾರ ಮುಟ್ಟಿದವು. ಚುರಾಚಾಂದ್‌ಪುರದ್ದು ಐಜ್ವಾಲ್‌ನಲ್ಲಿ ಸಣ್ಣ ಗಾಡಿಗಳಿಗೆ ಬದಲಾಗಿ, ಸಂಕ್ರಾಂತಿ ಕಳೆದ ಮೇಲೆ ಮುಟ್ಟಿತು. ಎರಡು ವಾರದ ಚಳಿ ಅವರ ಪಾಲಿಗೆ ಜಾಸ್ತಿಯಾಯಿತು. ಮುಂದಿನ ಸಲ ನೀಲಿ ಗುರುತಿನ ಮಾಲು ದೀಪಾವಳಿಗೂ ಮೊದಲೇ ಹೊರಡಬೇಕು ಅಂತ ಈಗಲೇ ತೀರ್ಮಾನಿಸಿದ್ದೇವೆ. ಎರಡೂ ಕಡೆಯಿಂದ ಬಂದ ಹೊಸ ಪಟ್ಟಿಯಲ್ಲಿ ಸಣ್ಣ ಕೌದಿ ಮತ್ತೆ ಕೇಳಿದ್ದಾರೆ, ಜೊತೆಗೆ ಮಕ್ಕಳಿಗೆ ಕಾಲುಚೀಲ, ಬೂಟು. ಅಕ್ಕಲಕೋಟೆ ಕಡೆಯ ಅವ್ವಂದಿರು ಬೇಸಿಗೆಯಲ್ಲೇ ಹೊಲಿಯಲು ಕೂರುತ್ತಾರಂತೆ. ನಿಮ್ಮ ಮನೆಯಲ್ಲಿ ಹಳೆಯ ಹತ್ತಿ ಸೀರೆ ಇದ್ದರೆ ತೊಳೆದು, ಬಿಸಿಲಿಗೆ ಒಣಗಿಸಿ, ಫಾಲ್ ಬಿಚ್ಚಿ ಎತ್ತಿಡಿ. ನೈಲಾನ್, ಪಾಲಿಸ್ಟರ್ ಬೇಡ, ಅವುಗಳಲ್ಲಿ ಹೊಲಿಗೆ ನಿಲ್ಲುವುದಿಲ್ಲ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.